ಟಾರ್‌ವೀಡ್ ಎಂದರೆ ಕಳೆಯಲ್ಲ

ಮಾರ್ಚ್ ತಿಂಗಳಲ್ಲಿ ಟಾರ್‌ವೀಡ್ ಹುಡುಕಲು ಹೊರಡಬೇಡಿ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಎರಡನೆಯದು, ನಿಮ್ಮ ಸಹಿ ಇರುವ ನಕ್ಷೆಯನ್ನು ಕಳಿಸುವ ಮುಂಚೆ ಒಂದು ಸಲ ಕಣ್ಣುಬಿಟ್ಟು ನೋಡಿ. ನನಗೆ ಯಾರೂ ಇದನ್ನು ಹೇಳಿರಲಿಲ್ಲ ಅಂತ ನೆಪ ಹೇಳುವಂತಿಲ್ಲ. ಎಲ್ಲರೂ ಹೇಳಿದ್ದರು.

ಕೆಲಸ ಏನೆಂದರೆ, ಯಾರಾದರೂ ಖಾಲಿ ಜಾಗದಲ್ಲಿ ಆಫೀಸನ್ನೋ ಮನೆಗಳನ್ನೋ ಕಟ್ಟಲು ಹೊರಟಾಗ, ಅಲ್ಲಿ ಅಪರೂಪದ ಗಿಡಗಳಿವೆಯೇ ಅಂತ ಮೊದಲು ಹೋಗಿ ನೋಡಿ ವರದಿ ಬರೆಯುವುದು. ಮೈಸೂರಿನಲ್ಲಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಮದುವೆಯಾಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದ ಮೇಲೆ ಇಲ್ಲಿನ ಗಿಡಗಳನ್ನು ಅ ಆ ಇ ಈಯಿಂದ ಕಲಿತು ಒಂದು ಸಣ್ಣ ಕನ್ಸಲ್ಟಿಂಗ್ ಕಂಪನಿಗೆ ಸೇರಿದೆ. ಇಲ್ಲಿನ ಎವರ್‌ಗ್ರೀನ್ ಬಡಾವಣೆಯಲ್ಲಿ ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಕೇಳುವುದು ಒಂದೇ: "ನೀವು ಯಾವ ಸ್ಟಾರ್ಟಪ್ಪು?" ಗಿಡ ನೋಡ್ತೀನಿ ಅಂದರೆ, "ಓ, ಗಾರ್ಡನಿಂಗಾ? ನಮ್ಮ ಬ್ಯಾಕ್‌ಯಾರ್ಡಿನ ನಿಂಬೆ ಗಿಡ ಯಾಕೋ ಹಳದಿಯಾಗಿದೆ, ಸ್ವಲ್ಪ ನೋಡ್ತೀರಾ?" ಹೆಚ್ಚು ಕಡಿಮೆ ಇಪ್ಪತ್ತು ವರ್ಷದಲ್ಲಿ ನಾನು ಎಷ್ಟು ಜನರ ನಿಂಬೆ ಗಿಡ ನೋಡಿದ್ದೇನೋ ಲೆಕ್ಕವಿಲ್ಲ.

ಇನ್ನು ಟಾರ್‌ವೀಡ್. ಟಾರು ಅಂದರೆ ಡಾಂಬರು, ವೀಡ್ ಅಂದರೆ ಕಳೆ. ಈ ಹೆಸರಿಟ್ಟವರು ದನ, ಕುರಿ, ಕುದುರೆ ಸಾಕಿದ ಜನ. ಕ್ಯಾಲಿಫೋರ್ನಿಯಾದ ಬೇಸಗೆಯಲ್ಲಿ ಹುಲ್ಲೆಲ್ಲ ಒಣಗಿ ಬೆಟ್ಟಗಳು ಹುರಿದ ರವೆಯ ಬಣ್ಣಕ್ಕೆ ತಿರುಗಿರುವಾಗ, ಈ ಒಂದು ಜಾತಿ ಮಾತ್ರ ಹಸಿರಾಗಿ ನಿಂತು ಹೂ ಬಿಡುತ್ತದೆ. ಮೈತುಂಬ ಸಣ್ಣ ಸಣ್ಣ ಗ್ರಂಥಿಗಳು, ಅವುಗಳಿಂದ ಒಸರುವ ರಾಳ. ಬೂಟಿಗೆ, ಪ್ಯಾಂಟಿಗೆ, ಕುದುರೆ ಕಾಲಿಗೆ, ಕುರಿಯ ಉಣ್ಣೆಗೆ ಕಪ್ಪಗೆ ಮೆತ್ತಿಕೊಳ್ಳುತ್ತದೆ. ದನ ಬಾಯಿ ಹಾಕುವುದಿಲ್ಲ. ಹೀಗಾಗಿ ಕಳೆ ಅಂದರು. ಸಿಟ್ಟಿನಲ್ಲಿ ಇಟ್ಟ ಹೆಸರು ಅದು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನನ್ನ ಗೋಳು ಬೇರೆ. ಹತ್ತಾರು ಬೇರೆ ಬೇರೆ ಗಿಡಗಳಿಗೆಲ್ಲ ಇದೊಂದೇ ಹೆಸರು. ಕೆಲವು ರಸ್ತೆ ಪಕ್ಕದಲ್ಲಿ ಲಕ್ಷಗಟ್ಟಲೆ ಬೆಳೆಯುತ್ತವೆ. ಇನ್ನು ಕೆಲವು ಎಲ್ಲೋ ನಾಲ್ಕಾರು ಹೊಲಗಳಲ್ಲಿ ಉಳಿದುಕೊಂಡಿವೆ, ಅವನ್ನು ಮುಟ್ಟಿದರೆ ರಾಜ್ಯ ಸರ್ಕಾರದ ಇಲಾಖೆ ಬಂದು ಕೂರುತ್ತದೆ. ಎರಡೂ ಟಾರ್‌ವೀಡೇ. ನನ್ನ ವೃತ್ತಿಯ ಮರ್ಯಾದಸ್ಥರು ಕೆಲವರು ಅಪರೂಪದವನ್ನು 'ಟಾರ್‌ಪ್ಲಾಂಟ್' ಅನ್ನುತ್ತಿದ್ದರು, ಕಳೆ ಅನ್ನಬಾರದು ಅಂತ. ಒಂದು ವರದಿಯಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ. ಇದನ್ನು ಸರಿಮಾಡುವುದಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ.

ವಾಸನೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಯಾವ ಪುಸ್ತಕದಲ್ಲೂ ಸರಿಯಾಗಿ ಬರೆದಿಲ್ಲ. ಕರ್ಪೂರ, ನಿಂಬೆ ಸಿಪ್ಪೆ, ಸೀಮೆಎಣ್ಣೆ ಮೂರನ್ನೂ ಬಿಸಿಲಲ್ಲಿ ಕಲಸಿಟ್ಟ ಹಾಗೆ. ಮೊದಲನೇ ವರ್ಷ ಗೊತ್ತಿಲ್ಲದೆ ಫೀಲ್ಡ್ ಪ್ಯಾಂಟನ್ನು ಎಲ್ಲರ ಬಟ್ಟೆಯ ಜೊತೆ ವಾಷಿಂಗ್ ಮೆಷೀನಿಗೆ ಹಾಕಿದೆ. ನಮ್ಮವರು ಮಾರನೇ ದಿನ ಆಫೀಸಿನ ಮೀಟಿಂಗಿನಲ್ಲಿ ಕೂತಾಗ ಪಕ್ಕದವನು ನೆಲ ಒರೆಸಿದ ವಾಸನೆ ಎಲ್ಲಿಂದ ಅಂತ ಹುಡುಕಿದನಂತೆ. ಮಗಳು ಡೇಕೇರಿನಿಂದ ಬಂದವಳು ನನ್ನ ತೊಡೆ ಹತ್ತದೆ ದೂರ ನಿಂತು, "ಅಮ್ಮಾ, ಯೂ ಆರ್ ಸ್ಟಿಕ್ಕಿ" ಅಂದಳು.

ಈಗ ಡಾಟ್‌ಕಾಮ್ ಗದ್ದಲದ ಕಾಲಕ್ಕೆ ಬರುತ್ತೇನೆ, ಇಂಟರ್ನೆಟ್ ಕಂಪನಿಗಳು ನಾಯಿಕೊಡೆಗಳಂತೆ ಎದ್ದ ಕಾಲ. ಆಗ ಇಲ್ಲಿ ಒಂದು ಗೇಣು ಖಾಲಿ ಜಾಗ ಕಂಡರೂ ಅಲ್ಲಿ ಗಾಜಿನ ಕಟ್ಟಡ ಏಳಬೇಕಿತ್ತು, ಅದೂ ಮುಂದಿನ ತಿಂಗಳೇ. ನಮ್ಮ ಆಫೀಸಿನ ರಿಸೆಪ್ಷನಿಸ್ಟು ಯಾವುದೋ ಸ್ಟಾರ್ಟಪ್ಪಿಗೆ ವೈಸ್ ಪ್ರೆಸಿಡೆಂಟ್ ಆಗಿ ಹೋದಳು. ಫೋನು ತೆಗೆಯಲು ಬಂದ ಹೊಸಬನೂ ಮೂರು ವಾರದಲ್ಲಿ ಹೋದ. ಫೋನು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು.

ನನ್ನ ಮೇಲಧಿಕಾರಿ ಡಗ್, ಕಂಪನಿಯ ಮಾಲೀಕನೂ ಅವನೇ. ಒಂದು ಕಾಲಕ್ಕೆ ಒಳ್ಳೆಯ ಸಸ್ಯಶಾಸ್ತ್ರಜ್ಞ. ಹುಲ್ಲುಗಳನ್ನು ಹೂವಿಲ್ಲದೆ ಗುರುತಿಸುವುದನ್ನು ನಾನು ಕಲಿತಿದ್ದು ಅವನಿಂದ. ಆ ವರ್ಷಗಳಲ್ಲಿ ಅವನು ಫೀಲ್ಡಿಗೆ ಬರುವುದನ್ನು ಬಿಟ್ಟಿದ್ದ. ಲಾಸ್ ಆಲ್ಟೋಸ್‌ನ ಮನೆಯಿಂದ ಕಾರಿನಲ್ಲಿ ಹೊರಟರೆ ಫ್ರೀವೇ ಮೇಲೆ ಕ್ಲೈಂಟುಗಳ ಜೊತೆ ಫೋನು, ಆಫೀಸಿನಲ್ಲಿ ಕ್ಲೈಂಟುಗಳ ಜೊತೆ ಫೋನು.

ಸಮುದ್ರದ ಕೊಲ್ಲಿಯ ಅಂಚಿನಲ್ಲಿ, ಫ್ರೀಮಾಂಟ್ ಊರಿನ ಕಡೆ, ಒಂದು ಹಳೆಯ ಹೊಲವಿತ್ತು. ಚೌಳು ಜೇಡಿಮಣ್ಣು, ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಕೈ ತೂರಿಸುವಷ್ಟು ಬಿರುಕು. ಅಲ್ಲಿ ನಾಲ್ಕು ಕಟ್ಟಡಗಳ ಆಫೀಸ್ ಕ್ಯಾಂಪಸ್ ಕಟ್ಟಬೇಕಂತೆ. ಮಾರ್ಚಿನಲ್ಲಿ ಡಗ್ ನನ್ನನ್ನು ಕರೆದ.

"ಶುಕ್ರವಾರದೊಳಗೆ ಸರ್ವೆ ಮುಗಿಸಿ ವರದಿ ಕೊಡು."

"ಈ ಮಣ್ಣಿನಲ್ಲಿ ಅಪರೂಪದ ಟಾರ್‌ವೀಡ್ ಇರಬಹುದು. ಅದು ಹೂ ಬಿಡೋದು ಜುಲೈ, ಆಗಸ್ಟಿನಲ್ಲಿ. ಈಗ ಹೋದರೆ ಎರಡೆಲೆಯ ಮೊಳಕೆ ಸಿಗುತ್ತೆ. ಯಾವ ಗಿಡ ಅಂತ ದೇವರಾಣೆಗೂ ಹೇಳೋಕಾಗಲ್ಲ."

"ಆಗಸ್ಟಾ? ಆಗಸ್ಟಿನೊಳಗೆ ಕ್ಲೈಂಟಿನ ಕಂಪನಿ ಷೇರು ಮಾರುಕಟ್ಟೆಗೆ ಇಳಿದುಬಿಟ್ಟಿರುತ್ತೆ."

"ಗಿಡಕ್ಕೆ ಅದು ಗೊತ್ತಿಲ್ಲ."

ಅವನಿಗೆ ನಗು ಬರಲಿಲ್ಲ. ಆದರೂ ಹಳೆಯ ಸಸ್ಯಶಾಸ್ತ್ರಜ್ಞ ಒಳಗೆಲ್ಲೋ ಇನ್ನೂ ಇದ್ದ ಅಂತ ಕಾಣುತ್ತದೆ. ಗೊಣಗಿಕೊಂಡೇ ಆಗಸ್ಟಿಗೆ ಒಪ್ಪಿದ. ಕ್ಲೈಂಟಿನ ಕಡೆಯವರು ಐದು ತಿಂಗಳು ದಿನ ಬಿಟ್ಟು ದಿನ ನನಗೆ ಫೋನು ಮಾಡಿ "ಹೂ ಬಂತಾ?" ಅಂತ ಕೇಳಿದರು.

ಆಗಸ್ಟಿನಲ್ಲಿ ಹೋದಾಗ ನಮ್ಮತ್ತೆಯೂ ಜೊತೆಗಿದ್ದರು. ಮಂಡ್ಯದ ಕಡೆಯ ಹಳ್ಳಿಯವರು, ಆರು ತಿಂಗಳಿಗೆ ಅಂತ ಬಂದಿದ್ದವರು. ಮನೆಯಲ್ಲಿ ಟಿವಿ ನೋಡಿ ನೋಡಿ ತಲೆ ಕೆಟ್ಟು, "ನೀನು ಹೋಗೋ ಹೊಲಕ್ಕೇ ಬತ್ತೀನಿ, ಮಣ್ಣಾದ್ರೂ ತುಳೀತೀನಿ" ಅಂತ ಹೊರಟರು. ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು, ಕಾಲಿಗೆ ಮಗನ ಬೂಟು ಹಾಕಿಕೊಂಡು ಬಿರುಕುಗಳನ್ನು ದಾಟುತ್ತಾ ಬಂದರು. ಹೊಲದ ತಗ್ಗಿನ ಮೂಲೆಯಲ್ಲಿ ಅದು ಇತ್ತು. ಮೊಣಕಾಲೆತ್ತರ, ಹಳದಿ ಹೂ. ನಾನು ಲೆನ್ಸು ಹಿಡಿದು ಬಗ್ಗಿ ಕೂತು ಒಂದೊಂದು ಹೂವಿನ ಒಳಗೂ ನೋಡಿದೆ. ಬೆಟ್ಟದ ಮೇಲೆ ಸಿಗುವಂಥದ್ದಲ್ಲ, ಅಪರೂಪದ್ದೇ. ಎದೆ ಹೊಡೆದುಕೊಂಡಿತು. ಎಷ್ಟು ವರ್ಷದ ಅನುಭವವಿದ್ದರೂ ಆ ಗಳಿಗೆಯಲ್ಲಿ ಹೊಡೆದುಕೊಳ್ಳುತ್ತದೆ.

ಅತ್ತೆ ಒಂದು ಹೂವನ್ನು ಬೆರಳಿನಲ್ಲಿ ಹಿಡಿದು ನೋಡಿದರು. "ಹುಚ್ಚೆಳ್ಳಿನ ಹೂವಿದ್ದಂಗೆ ಅದೆ ಕಣವ್ವ. ಏನಂತಾರೆ ಇದಕ್ಕೆ?"

"ಟಾರ್‌ವೀಡ್ ಅಂತಾರೆ ಅತ್ತೆ. ಡಾಂಬರು ಕಳೆ. ಅಪರೂಪದ್ದು, ಯಾರೂ ಮುಟ್ಟೋ ಹಾಗಿಲ್ಲ."

"ಕಳೆ ಅಂತೀರಾ, ಕಾವಲು ಬೇರೆ ಕಾಯ್ತೀರಾ?"

"ನಾವು ಹುಚ್ಚೆಳ್ಳು ಅನ್ನಲ್ವಾ? ಅದಕ್ಕೇನು ಹುಚ್ಚು ಹಿಡಿದಿದೆಯಾ?"

"ನಮ್ಮೂರಲ್ಲಿ ಹುಚ್ಚೆಳ್ಳು ಅಂದ್ರೆ ಚಟ್ನಿಪುಡಿ ಅಂತ ಮಕ್ಕಳಿಗೂ ಗೊತ್ತು. ಇಲ್ಲಿ ಕಳೆ ಅಂದ್ರೆ ಏನ್ ಮಾಡ್ತಾರೆ? ಕೀಳ್ತಾರೆ," ಅಂದರು. ಬೆರಳಿಗೆ ಮೆತ್ತಿದ ಅಂಟನ್ನು ಬಿರುಕುಬಿಟ್ಟ ಮಣ್ಣಿಗೆ ಒರೆಸಿ, ಗಿಡಗಳನ್ನು ಎಣಿಸುವುದಕ್ಕೆ ನನಗೆ ಸಹಾಯ ಮಾಡಿದರು. ಇನ್ನೂರ ನಲವತ್ತೊಂದು ಗಿಡ. ಸುತ್ತ ಗುಲಾಬಿ ಬಣ್ಣದ ಸಣ್ಣ ಬಾವುಟಗಳನ್ನು ಚುಚ್ಚಿ ಬಂದೆವು.

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಮಾಡಿದ್ದೆ.

ಆ ವರ್ಷವೇ ನಮ್ಮ ಆಫೀಸಿಗೆ ಹೊಸ ನಕ್ಷೆ ಸಾಫ್ಟ್‌ವೇರ್ ಬಂದಿತ್ತು. ಅದಕ್ಕೆ ಮೊದಲು ನಾನು ನಕ್ಷೆಯನ್ನು ಕೈಯಲ್ಲೇ ಬರೆಯುತ್ತಿದ್ದೆ. ಪಾರದರ್ಶಕ ಹಾಳೆ, ಸಣ್ಣ ನಿಬ್ಬಿನ ಪೆನ್ನು, ಗಿಡದ ಲ್ಯಾಟಿನ್ ಹೆಸರು, ಪಕ್ಕದಲ್ಲಿ 'ಅಪರೂಪ, ಮುಟ್ಟಬಾರದು' ಅಂತ ದಪ್ಪ ಅಕ್ಷರ. ಒಂದು ನಕ್ಷೆಗೆ ಒಂದು ದಿನ ಹಿಡಿಯುತ್ತಿತ್ತು. ಈಗ ಜಿಪಿಎಸ್ ಹಿಡಿದು ಸುತ್ತಿದರೆ ಸಾಕು, ಕಂಪ್ಯೂಟರು ಬಣ್ಣ ಬಣ್ಣದ ನಕ್ಷೆ ಉಗುಳುತ್ತಿತ್ತು. ಕ್ಲೈಂಟುಗಳಿಗೆ ಲ್ಯಾಟಿನ್ ಓದಲು ಬರುವುದಿಲ್ಲ, ಸಾಮಾನ್ಯ ಹೆಸರು ಮಾತ್ರ ಕಾಣಲಿ ಅಂತ ಡಗ್ ಹೇಳಿದ್ದ. ನಾನು ಡೇಟಾ ತುಂಬುವಾಗ ಸಾಮಾನ್ಯ ಹೆಸರಿನ ಕಾಲಮ್ಮಿನಲ್ಲಿ 'ಟಾರ್‌ವೀಡ್' ಅಂತ ಹಾಕಿದೆ. ಲ್ಯಾಟಿನ್ ಹೆಸರು, ಅಪರೂಪ ಅನ್ನುವ ಟಿಪ್ಪಣಿ ಎಲ್ಲ ಬೇರೆ ಕಾಲಮ್ಮುಗಳಲ್ಲಿ ಭದ್ರವಾಗಿದ್ದವು. ನಕ್ಷೆಯಲ್ಲಿ ಅಚ್ಚಾಗಿದ್ದು ಗುಲಾಬಿ ಗೆರೆಯ ಒಂದು ವೃತ್ತ, ಒಳಗೆ 'ಟಾರ್‌ವೀಡ್'. ಇನ್ನೂ ಮೂರು ಸೈಟಿನ ನಕ್ಷೆಗಳು ಮೇಜಿನ ಮೇಲಿದ್ದವು. ನಾಲ್ಕಕ್ಕೂ ಒಟ್ಟಿಗೆ ಸಹಿ ಹಾಕಿ ಕ್ಲೈಂಟುಗಳಿಗೆ ಕಳಿಸಿಬಿಟ್ಟೆ.

ಹತ್ತು ದಿನದ ಮೇಲೆ ವರದಿಗೆ ಇನ್ನೊಂದೆರಡು ಫೋಟೋ ಬೇಕು ಅಂತ ಹೊಲಕ್ಕೆ ಹೋದೆ. ಗೇಟಿನಲ್ಲೇ ಮಗುಚಿದ ಮಣ್ಣಿನ ವಾಸನೆ, ಅದರ ಮೇಲೆ ಕರ್ಪೂರ ಸೀಮೆಎಣ್ಣೆಯ ವಾಸನೆ, ಎಂದೂ ಇಲ್ಲದಷ್ಟು ಗಾಢವಾಗಿ. ಹೊಲದ ಉಳಿದ ಭಾಗದಲ್ಲಿ ಹುಲ್ಲನ್ನು ಕತ್ತರಿಸಿದ್ದರು, ಅಷ್ಟೇ. ತಗ್ಗಿನ ಮೂಲೆಯನ್ನು ಮಾತ್ರ ಟ್ರ್ಯಾಕ್ಟರಿನ ಡಿಸ್ಕು ಹಾಕಿ ಉತ್ತಿದ್ದರು. ವೃತ್ತ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನನ್ನ ಜಿಪಿಎಸ್ ಗೆರೆಯನ್ನು ಒಂದಡಿಯೂ ದಾಟಿರಲಿಲ್ಲ. ಗುಲಾಬಿ ಬಾವುಟಗಳನ್ನು ಕಿತ್ತು, ಕಟ್ಟು ಕಟ್ಟಿ ಗೇಟಿನ ಪಕ್ಕ ನೀಟಾಗಿ ಇಟ್ಟಿದ್ದರು.

ಆ ಕೆಲಸ ಮಾಡಿಸಿದ ಫೋರ್‌ಮನ್ ರಮೋನ್ ಇನ್ನೂ ಅಲ್ಲೇ ಇದ್ದ. ಐವತ್ತರ ಆಸುಪಾಸಿನವನು, ಹುಲ್ಲು ಕತ್ತರಿಸುವ ಕಾಂಟ್ರಾಕ್ಟು ಕಂಪನಿಯವನು. ಒಣಹುಲ್ಲಿಗೆ ಬೆಂಕಿ ಬೀಳಬಹುದು ಅಂತ ಅಗ್ನಿಶಾಮಕ ಇಲಾಖೆಯ ನೋಟಿಸು ಬಂದಿದ್ದರಿಂದ ಹುಲ್ಲು ತೆಗೆಸಲು ಕ್ಲೈಂಟು ಅವರನ್ನು ಕರೆಸಿದ್ದ. ನಾನು ಕೂಗಾಡಿದೆ. ಏನು ಕೂಗಿದೆ ಅಂತ ನೆನಪಿಲ್ಲ, ಅರ್ಧ ಕನ್ನಡವೇ ಇತ್ತು. ಅವನು ಟೋಪಿ ತೆಗೆದು, ನಾನು ಮುಗಿಸುವವರೆಗೆ ಕಾದು, ಲಾರಿಯಿಂದ ಮಡಿಚಿದ ಕಾಗದವೊಂದನ್ನು ತಂದ.

"ಮೇಡಂ, ಇದನ್ನು ಜಾಗದವರು ಕೊಟ್ಟರು. ಇಲ್ಲಿ ವೀಡ್ ಅಂತ ಬರೆದಿದೆ. ಬೇರೆ ಕಡೆ ಏನೂ ಬರೆದಿಲ್ಲ, ಅದಕ್ಕೆ ಬರೀ ಕತ್ತರಿಸಿದೆ. ಇಲ್ಲಿ ಬರೆದಿದೆ, ಅದಕ್ಕೆ ಬೇರು ಸಮೇತ ತೆಗೆದೆ. ತಪ್ಪಾಯಿತಾ?"

ಕಾಗದದ ಕೆಳಗೆ ನನ್ನ ಸಹಿ ಇತ್ತು.

ಆಫೀಸಿಗೆ ಬಂದು ಡಗ್‌ಗೆ ಹೇಳಿದೆ. ಅವನು ಬಾಗಿಲು ಹಾಕಿ ಅರ್ಧ ಗಂಟೆ ಕ್ಲೈಂಟಿನ ಜೊತೆ ಫೋನಿನಲ್ಲಿದ್ದ. ಹೊರಗೆ ಬಂದಾಗ ಮುಖ ಹಗುರವಾಗಿತ್ತು.

"ಆಯ್ತು, ದಾರಿ ಸಿಕ್ಕಿತು. ಹುಲ್ಲು ಕತ್ತರಿಸೋ ಕಂಪನಿಯವನು ಬಾವುಟ ದಾಟಿ ಹೋದ ಅಂತ ರಾಜ್ಯದ ಇಲಾಖೆಗೆ ಬರೆಯೋಣ. ಆ ಫೋರ್‌ಮನ್ನನ್ನು ಇವತ್ತೇ ತೆಗೀತಾರಂತೆ."

"ಅವನು ನಕ್ಷೆ ಓದಿದ ಡಗ್. ನಾವು ಬರೆದಿದ್ದನ್ನೇ ಮಾಡಿದ."

"ಬಾವುಟ ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತಿರುತ್ತೆ."

"ನಮಗೆ ಗೊತ್ತಿರುತ್ತೆ. ಅವರ ಕೆಲಸದಲ್ಲಿ ಬಾವುಟ ಇದ್ದರೆ ಅಲ್ಲಿರೋದನ್ನು ತೆಗಿ ಅಂತ ಅರ್ಥವಂತೆ, ನಾನು ಕೇಳಿದೆ."

"ನೋಡು, ನಿನ್ನ ಹೆಸರು ಈ ಊರಲ್ಲಿ ಚೆನ್ನಾಗಿದೆ. ಸಹಿ ನಿನ್ನದು. ಯೋಚನೆ ಮಾಡು."

ಯೋಚನೆ ಮಾಡಿದೆ. ಮೂರು ದಿನ. ಧೈರ್ಯವಂತೆ ಅಂತ ಹೇಳಿಕೊಳ್ಳಲಾರೆ. ಹೆಸರು ಕೆಟ್ಟರೆ ಈ ವೃತ್ತಿಯಲ್ಲಿ ಬೇರೆ ಕಂಪನಿ ಸಿಗುವುದಿಲ್ಲ, ಇಲಾಖೆಯವರು ನನ್ನ ವರದಿಗಳನ್ನು ಮುಂದೆಂದೂ ನಂಬುವುದಿಲ್ಲ. ಮೊದಲನೇ ದಿನ ಡಗ್ ಹೇಳಿದ್ದೇ ಸರಿ ಅನ್ನಿಸಿತು. ಎರಡನೇ ದಿನ 'ಬಾವುಟಗಳನ್ನು ಉಲ್ಲಂಘಿಸಿ' ಅಂತ ಕಾಗದವನ್ನು ಶುರುಮಾಡಿಯೂಬಿಟ್ಟೆ. ಆ ಮಾತು ಟೈಪ್ ಮಾಡುವಾಗಲೆಲ್ಲ ಗೇಟಿನ ಪಕ್ಕ ಕಟ್ಟು ಕಟ್ಟಿಟ್ಟ ಬಾವುಟಗಳೇ ಕಣ್ಣಿಗೆ ಬರುತ್ತಿದ್ದವು. ಉಲ್ಲಂಘಿಸಿದವನು ಹಾಗೆ ಜೋಡಿಸಿಡುತ್ತಾನೆಯೇ?

ನಮ್ಮವರಿಗೆ ಹೇಳಿದೆ. ಅವರು, "ಬಗ್ ನಿನ್ನದು. ತಪ್ಪನ್ನು ಟೆಸ್ಟರ್ ಮೇಲೆ ಹಾಕ್ತೀಯಾ?" ಅಂದರು. ಜನ್ಮದಲ್ಲಿ ಅವರ ಸಾಫ್ಟ್‌ವೇರ್ ಭಾಷೆ ನನಗೆ ಉಪಯೋಗಕ್ಕೆ ಬಂದಿದ್ದು ಅದೊಂದೇ ಸಲ.

ಮೂರನೇ ದಿನ ಇಲಾಖೆಗೆ ಬರೆದೆ. ನಾನು ಸಹಿ ಮಾಡಿದ ನಕ್ಷೆಯಲ್ಲಿ ಅಪರೂಪದ ಗಿಡದ ಜಾಗವನ್ನು ಟಾರ್‌ವೀಡ್ ಎಂದಷ್ಟೇ ತೋರಿಸಲಾಗಿತ್ತು, ಹುಲ್ಲು ಕತ್ತರಿಸುವವರು ಅದನ್ನು ಕಳೆ ಎಂದು ಓದಿದರು, ಓದಿದ್ದು ಸಹಜ, ತಪ್ಪು ನನ್ನದು. ಅದರ ಪ್ರತಿಯನ್ನು ರಮೋನನ ಕಂಪನಿಗೂ ಕಳಿಸಿ, ಡಗ್‌ನ ಮೇಜಿನ ಮೇಲೂ ಒಂದು ಇಟ್ಟೆ.

ಡಗ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅದಕ್ಕಿಂತ ಕಿರಿಕಿರಿಯ ಕೆಲಸ ಮಾಡಿದ: ಏಳು ತಿಂಗಳು ಫೀಲ್ಡಿಗೆ ಬಿಡದೆ ಆಫೀಸಿನಲ್ಲಿ ಕೂರಿಸಿ ಬೇರೆಯವರ ವರದಿಗಳ ಕಾಗುಣಿತ ತಿದ್ದಿಸಿದ. ಆ ಕ್ಲೈಂಟು ನಮ್ಮನ್ನು ಬಿಟ್ಟುಹೋದ. ಇಲಾಖೆಯ ಅಧಿಕಾರಿಣಿ ನನ್ನನ್ನು ಕರೆಸಿ ಒಂದು ಗಂಟೆ ಬೈದಳು. ಕೊನೆಗೆ, ಮೂರು ವರ್ಷ ಆ ಮೂಲೆಯನ್ನು ಮುಟ್ಟದೆ ಗಿಡ ಬರುತ್ತದೆಯೇ ನೋಡಬೇಕು, ಎಣಿಸುವ ಕೆಲಸ ನಿನ್ನದೇ, ಸಂಬಳವಿಲ್ಲದೆ ಅಂದಳು. ನಾನು ಉಸಿರು ಬಿಟ್ಟೆ. ಅಷ್ಟರೊಳಗೆ ರಮೋನನನ್ನು ತೆಗೆದಾಗಿತ್ತು. ನನ್ನ ಕಾಗದ ಮುಟ್ಟಿ, ಅವನ ಕಂಪನಿಯವರು ಅದನ್ನು ಓದಿ, ಮತ್ತೆ ಕರೆಸಿಕೊಳ್ಳಲು ಆರು ವಾರ ಹಿಡಿಯಿತು. ಆ ಆರು ವಾರ ಅವನು ಎಲ್ಲೋ ಛಾವಣಿ ಹೊದಿಸುವ ಕೆಲಸ ಮಾಡಿದನಂತೆ. ನಾನು ಮೊದಲನೇ ದಿನವೇ ಬರೆದಿದ್ದರೆ ಅವನನ್ನು ತೆಗೆಯುತ್ತಲೇ ಇರಲಿಲ್ಲವೇನೋ. ಆ ಎರಡು ದಿನಗಳ ಬಗ್ಗೆ ನನಗೆ ಈಗಲೂ ನನ್ನ ಮೇಲೆ ಸಿಟ್ಟಿದೆ.

ಮುಂದಿನ ವರ್ಷದ ಹೊತ್ತಿಗೆ ಗದ್ದಲವೆಲ್ಲ ಇಳಿದುಹೋಯಿತು. ಷೇರುಗಳು ಬಿದ್ದವು, ಕ್ಯಾಂಪಸ್ಸಿನ ಮಾತೇ ಇಲ್ಲ. ಎವರ್‌ಗ್ರೀನ್‌ನ ಪೂಜೆಗಳಲ್ಲಿ ಯಾರೂ ಯಾರನ್ನೂ ಯಾವ ಸ್ಟಾರ್ಟಪ್ಪು ಅಂತ ಕೇಳುವ ಹಾಗಿರಲಿಲ್ಲ. ಹೊಲದ ಮುಂದೆ 'ಬರಲಿದೆ' ಅನ್ನುವ ದೊಡ್ಡ ಬೋರ್ಡು ಗಾಳಿಗೆ ವಾಲಿತ್ತು. ನಾನು ಜೂನಿನಲ್ಲಿ ಒಂದು ಸಲ ಹೋಗಿ ನೋಡಿದೆ. ಬರೀ ಮುಳ್ಳುಗಿಡ, ಕಾಡು ಓಟ್ಸು, ಕೆಳಗಿನದೇನೂ ಕಾಣದಷ್ಟು ದಟ್ಟ. ಜುಲೈ ಮೊದಲ ವಾರವೂ ಅಷ್ಟೇ. ಮುಗಿಯಿತು ಅಂದುಕೊಂಡೆ.

ಆಗಸ್ಟಿನ ಒಂದು ಬೆಳಿಗ್ಗೆ ಆಫೀಸಿಗೆ ಫೋನು ಬಂತು.

"ಮೇಡಂ, ರಮೋನ್. ಹುಲ್ಲು ತೆಗೆಯೋಕೆ ಬಂದಿದ್ದೀನಿ, ಅದೇ ಹೊಲ. ಮಷೀನು ನಿಲ್ಲಿಸಿದ್ದೀನಿ. ನೀವು ಬರಬೇಕು."

"ಯಾಕೆ? ಏನಾಯ್ತು?"

"ವಾಸನೆ ಬರ್ತಾ ಇದೆ."

ಡಗ್‌ನ ಬಾಗಿಲಲ್ಲಿ ನಿಂತು ಹೋಗುತ್ತಿದ್ದೇನೆ ಅಂದೆ. ಯಾಕೆ ಅಂತ ಕೇಳಿದ, ಹೇಳಿದೆ. ಅವನು ಕುರ್ಚಿಗೆ ಒರಗಿ, "ಮಣ್ಣು ಮಗುಚಿದರೆ ಹಳೆಯ ಬೀಜಗಳು ಏಳುತ್ತವೆ. ಹಾಗಾದರೆ ನಾವು ಉತ್ತಿದ್ದು ಒಳ್ಳೆಯದೇ ಆಯಿತು ಅನ್ನು," ಅಂದ. ನಾವಂತೆ! ಕಾರಿನ ಕೀ ಎತ್ತಿಕೊಂಡು ಹೊರಟೆ. ಕೊಡಬೇಕಿದ್ದ ಉತ್ತರಗಳು ಫ್ರೀವೇ ಉದ್ದಕ್ಕೂ ಒಂದೊಂದಾಗಿ ಹೊಳೆದವು.

ಗೇಟಿನ ಹತ್ತಿರ ರಮೋನನ ನಾಲ್ಕು ಜನ ಆಳುಗಳು ಮಷೀನುಗಳ ನೆರಳಲ್ಲಿ ಕೂತಿದ್ದರು. ಡಿಸ್ಕು ಹೊಡೆದ ವೃತ್ತ ತುಂಬಿಹೋಗಿತ್ತು. ಗೆರೆ ದಾಟಿ ಬೇಲಿಯ ತನಕ ಹಳದಿ. ಬಗ್ಗಿ ಕೂತು ಲೆನ್ಸಿನಲ್ಲಿ ನೋಡಿದೆ. ಹತ್ತು ಗಿಡ, ಇಪ್ಪತ್ತು ಗಿಡ. ಅದೇ. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡರೆ ಕೈಯ ಅಂಟೆಲ್ಲ ರೆಪ್ಪೆಗೆ ಹತ್ತಿ ಕಣ್ಣು ಉರಿಯತೊಡಗಿತು. ರಮೋನ್ ನೀರಿನ ಬಾಟಲಿ ಕೊಟ್ಟ.

"ಇದಕ್ಕೆ ನಿಜವಾದ ಹೆಸರೇನು?" ಅಂತ ಕೇಳಿದ. ಲ್ಯಾಟಿನ್ ಹೆಸರು ಹೇಳಿದೆ. ಎರಡು ಸಲ ಹೇಳಲು ನೋಡಿ ಕೈಬಿಟ್ಟ. ಆಮೇಲೆ ಆಳುಗಳ ಕಡೆ ತಿರುಗಿ ಸ್ಪ್ಯಾನಿಷಿನಲ್ಲಿ ಏನೋ ಹೇಳಿದ. ಅವರು ತಲೆಯಾಡಿಸಿ ಎದ್ದು ಮಷೀನುಗಳನ್ನು ಹೊಲದ ಆ ತುದಿಗೆ ಒಯ್ದರು.

"ಏನು ಹೇಳಿದೆ ಅವರಿಗೆ?"

"ಹೆಸರು ತಪ್ಪಿದೆ, ಗಿಡ ಸರಿಯಿದೆ, ಮುಟ್ಟಬೇಡಿ ಅಂದೆ."

ಹಗ್ಗ ಕಟ್ಟಿ ಸಾಲು ಮಾಡಿಕೊಂಡು ಎಣಿಸಲು ಶುರುಮಾಡಿದೆವು. ನಾನು ಒಂದು ಕಡೆಯಿಂದ, ಅವನು ಇನ್ನೊಂದು ಕಡೆಯಿಂದ. ಅವನು ಸ್ಪ್ಯಾನಿಷಿನಲ್ಲಿ ಎಣಿಸುತ್ತಿದ್ದ, ನಾನು ಕನ್ನಡದಲ್ಲಿ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಾನೊಬ್ಬಳೇ ಸಾವಿರದ ಹತ್ತಿರ ಬಂದಿದ್ದೆ. ಅಷ್ಟರಲ್ಲಿ ಅವನು ಪಕ್ಕದ ಸಾಲಿನಿಂದ ಎಷ್ಟಾಯಿತು ಅಂತ ಕೂಗಿ ಕೇಳಿದ, ನನಗೆ ಲೆಕ್ಕ ತಪ್ಪಿತು. ಬೈದೆ. ಅವನು ನಕ್ಕು, ತನಗೂ ಆಗಲೇ ತಪ್ಪಿಹೋಗಿದೆ ಅಂದ. ಇಬ್ಬರೂ ಬೇಲಿಯ ಹತ್ತಿರ ಹೋಗಿ, ಬೂಟಿನ ಅಂಟನ್ನು ಕಲ್ಲಿಗೆ ಉಜ್ಜಿಕೊಂಡು, ಮತ್ತೆ ಒಂದರಿಂದ ಶುರುಮಾಡಿದೆವು.